ಮತ್ತೆ ಬೆಂಚಿನ ಮೇಲೆ ಕೂತವರ ಮಾತು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮನ್ನು ಹಿರಿಯರು ಅಂತ ಕರೆಯದೆ ವಿದ್ಯಾರ್ಥಿಗಳು ಅಂತ ಈ ಸಭೆಗೆ ಕರೆದಿದ್ದೀರಿ. ಅದಕ್ಕೇ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೇವೆ. ನಾವು ಐದು ಜನ ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೇವೆ. ನಮ್ಮಲ್ಲಿ ಚಿಕ್ಕವರಿಗೆ 33, ದೊಡ್ಡವರಿಗೆ 47. ಒಬ್ಬರದು ಗಾರೆ ಕೆಲಸ, ಒಬ್ಬರು ಅಂಗನವಾಡಿ ಸಹಾಯಕಿ, ಒಬ್ಬರು ಬೆಳಗಿನ ಜಾವ ಬೀದಿ ಗುಡಿಸೋರು, ಇಬ್ಬರು ಗಾರ್ಮೆಂಟ್ಸು.

ಊರಲ್ಲಿ ನಮ್ಮಂಥೋರನ್ನ ‘ಓದು ಬಿಟ್ಟವರು’ ಅಂತಾರೆ. ಯಾರು ಬಿಟ್ಟರು ಸ್ವಾಮಿ? ಕಾನೂನಿನಲ್ಲಿ ಜೀತ 1976ಕ್ಕೇ ರದ್ದಾಗಿತ್ತು; ಆದರೂ ನಮ್ಮಲ್ಲೊಬ್ಬರು ಏಳನೇ ಕ್ಲಾಸು ಮುಗಿಸಿ ಅಪ್ಪನ ಸಾಲಕ್ಕೆ ಗೌಡರ ಮನೆ ದನ ಕಾದರು. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಪಾಸು. ಮನೇಲಿ ಇಂಗ್ಲಿಷಿರಲಿ, ಅಕ್ಷರ ಬಲ್ಲವರೇ ಇರಲಿಲ್ಲ. ಮತ್ತೆ ಪರೀಕ್ಷೆ ಕಟ್ಟು ಅಂತ ಹೇಳೋ ಮೇಷ್ಟ್ರೂ ಇರಲಿಲ್ಲ. ಹೆಣ್ಣುಮಕ್ಕಳ ಕತೆ ಇನ್ನೂ ಚಿಕ್ಕದು: ಪಿಯು ಕಾಲೇಜು ಒಂಬತ್ತು ಮೈಲಿ, ಸಂಜೆ ಬಸ್ಸಿಲ್ಲ, ಮದುವೆ.

ಅಡ್ಮಿಷನ್ ಕೌಂಟರಿನಲ್ಲಿ ಗುಮಾಸ್ತರು ನಮ್ಮಲ್ಲೊಬ್ಬರನ್ನ ಕೇಳಿದರು: “ಮಗನ ಅಡ್ಮಿಷನ್ನಾ?”

“ಇಲ್ಲ ಸಾರ್, ನಂದೇ.”

“ಈ ವಯಸ್ಸಲ್ಲಿ ಓದಿ ಏನಯ್ಯಾ ಮಾಡ್ತೀಯ? ರಿಸರ್ವೇಶನ್ ಕೆಲಸಕ್ಕೂ ಏಜು ಮೀರ್ತಲ್ಲ.”

ಅದೇ ಹೊತ್ತಿಗೆ ಪಕ್ಕದಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿನ ಬ್ಯಾಂಕ್ ಅಧಿಕಾರಿಯೊಬ್ಬರು ಎಂ.ಎ. ಕಟ್ಟೋಕೆ ಬಂದಿದ್ದರು. ಅವರಿಗೆ ಕುರ್ಚಿ ಹಾಕಿಸಿ, “ಜ್ಞಾನದಾಹ ಅಂದ್ರೆ ಇದು ಸಾರ್” ಅಂದರು. ಒಂದೇ ವಯಸ್ಸು, ಒಂದೇ ಅರ್ಜಿ. ಅವರದು ದಾಹ, ನಮ್ಮದು ದುರಾಸೆ!

ಓದಿ ಏನು ಮಾಡ್ತೀರಿ ಅನ್ನೋ ಪ್ರಶ್ನೆಗೆ ನಮ್ಮ ಗುಡಿಸೋ ಅಣ್ಣ ಮೊದಲ ವರ್ಷದಲ್ಲೇ ಉತ್ತರ ಕೊಟ್ಟರು. ಸಂಬಳದ ಚೀಟಿಯನ್ನ ತಾವೇ ಕೂತು ಓದಿದರು. ತಿಂಗಳು ತಿಂಗಳು ಪಿ.ಎಫ್. ಹಿಡಿದದ್ದಿತ್ತು, ಖಾತೆಗೆ ಕಟ್ಟಿದ್ದಿರಲಿಲ್ಲ. ಮೂವತ್ತು ಜನರ ಚೀಟಿ ಸೇರಿಸಿ ಅರ್ಜಿ ಬರೆದರು. ಗುತ್ತಿಗೆದಾರ ಆಮೇಲಿಂದ ಅವರನ್ನ ಬಹುವಚನದಲ್ಲಿ ಮಾತಾಡಿಸ್ತಾನೆ.

ಬಾಬಾಸಾಹೇಬರ ಪಟ ನಿಮ್ಮ ರೂಮುಗಳಲ್ಲಿದೆ. ಎಷ್ಟು ಡಿಗ್ರಿ ಅಂತ ಎಲ್ಲರೂ ಎಣಿಸ್ತೀರಿ. ಆದರೆ ಅವರ ಓದು ನಡುವೆ ನಿಂತಿತ್ತು ಅನ್ನೋದನ್ನ ಭಾಷಣಗಳಲ್ಲಿ ಹಾರಿಸಿಬಿಡ್ತಾರೆ. 1916ರಲ್ಲಿ ಲಂಡನ್ನಿಗೆ ಓದೋಕೆ ಹೋದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗೀತು. 1917ರಲ್ಲಿ ಅರ್ಧಕ್ಕೇ ವಾಪಸು. ಬರೋಡಾದಲ್ಲಿ ಕೆಲಸ ಸಿಕ್ಕಿತು, ಇರೋಕೆ ಮನೆ ಸಿಗಲಿಲ್ಲ. 1918ರಲ್ಲಿ ಮುಂಬೈಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳ ಉಳಿಸಿ, ಗೆಳೆಯ ನವಲ್ ಭಥೇನರ ಹತ್ತಿರ ಸಾಲ ತಗೊಂಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದು, 1920ರಲ್ಲಿ ಮತ್ತೆ ಲಂಡನ್ನಿನ ಬೆಂಚಿಗೆ ಹೋಗಿ ಕೂತರು. ಆಗ ಅವರಿಗೆ 29. ಹೆಂಡತಿ, ಮಗ ಇದ್ದವರು. ಮೇಷ್ಟ್ರಾಗಿದ್ದವರು ತಿರುಗಿ ವಿದ್ಯಾರ್ಥಿಯಾದರು. ಪ್ರಬಂಧ ಒಪ್ಪಿಸಿದರೆ ತಿದ್ದಿಕೊಂಡು ತನ್ನಿ ಅಂತ ಹಿಂದಕ್ಕೆ ಕೊಟ್ಟರು. ಅಷ್ಟರಲ್ಲಿ ದುಡ್ಡು ಖಾಲಿ. ಮುಂಬೈಗೆ ಬಂದು ಕೂತು ತಿದ್ದಿ ಕಳಿಸಿದರು. 1923ರಲ್ಲಿ ಡಿ.ಎಸ್‌ಸಿ. ಬಂತು. ಅಷ್ಟು ವರ್ಷ ಮುಂಬೈಯಲ್ಲಿ ಸಂಸಾರ ಹೊತ್ತದ್ದು ರಮಾಬಾಯಿ. ಆ ತಾಯಿಯ ಹೆಸರೂ ಆ ಡಿಗ್ರಿಯ ಮೇಲಿರಬೇಕಿತ್ತು ಅಂತ ನಮಗೆ ಅನಿಸ್ತದೆ.

ದುಡಿದು ಓದೋದು ಏನು ಅಂತ ಅವರಿಗೆ ಗೊತ್ತಿದ್ದಕ್ಕೇ 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆಗೆದಾಗ ಬೆಳಗ್ಗೆಯೇ ತರಗತಿ ಇಟ್ಟರು. ಓದಿ ಆಮೇಲೆ ಕೆಲಸಕ್ಕೆ ಹೋಗಲಿ ಅಂತ. ಅದಕ್ಕೂ ಹಿಂದೆ, 1855ರಲ್ಲಿ, ಫುಲೆ ದಂಪತಿ ಪುಣೆಯಲ್ಲಿ ಕೂಲಿಕಾರರಿಗೆ ರೈತರಿಗೆ ರಾತ್ರಿ ಶಾಲೆ ನಡೆಸಿದರು. ವೇಳಾಪಟ್ಟಿ ಅನ್ನೋದೂ ಒಂದು ರಾಜಕೀಯ, ಗೆಳೆಯರೆ. ಹತ್ತರಿಂದ ನಾಲ್ಕರವರೆಗೆ ಮಾತ್ರ ಬಾಗಿಲು ತೆರೆಯೋ ಕಾಲೇಜಿಗೆ ಬೋರ್ಡು ಹಾಕೋದೇ ಬೇಡ, ಕೂಲಿಯವರು ತಾವಾಗೇ ಹೊರಗಿರ್ತಾರೆ.

ನಮ್ಮ ಓದು ಹೆಂಗಿದೆ ಅಂದ್ರೆ, ಏಳು ಗಂಟೆ ಪೀರಿಯಡ್ಡಿನಲ್ಲಿ ಕಣ್ಣು ಎಳೀತದೆ. ಬಾಯಿಪಾಠ ನಿಲ್ಲೋದಿಲ್ಲ. ಬರೆದು ಬರೆದು ಅಭ್ಯಾಸ ತಪ್ಪಿದ ಕೈ ಮೂರು ಗಂಟೆ ಪರೀಕ್ಷೆಯಲ್ಲಿ ನಡುಗ್ತದೆ. ಸಿಮೆಂಟು ತಿಂದ ಬೆರಳಿಗೆ ಪೆನ್ನು ಜಾರ್ತದೆ. ಆದರೆ ಅರ್ಥಶಾಸ್ತ್ರದ ಮೇಷ್ಟ್ರು ‘ಅಸಂಘಟಿತ ವಲಯ’ ಅಂತ ಬೋರ್ಡಿನ ಮೇಲೆ ಬರೆದ ದಿನ ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆ ಪಾಠಕ್ಕೆ ನಮಗೆ ನೋಟ್ಸು ಬೇಕಾಗಲಿಲ್ಲ. ಮೇಷ್ಟ್ರೇ ನಮ್ಮನ್ನ ಕೇಳಿ ಬರಕೊಂಡರು.

ಅರ್ಜಿಗಳದೇ ದೊಡ್ಡ ಕಾಟ. ವಿದ್ಯಾರ್ಥಿವೇತನದ ಅರ್ಜಿ ಬರೆದವನ ತಲೇಲಿ ವಿದ್ಯಾರ್ಥಿ ಅಂದ್ರೆ ಅಪ್ಪನ ಸಂಪಾದನೆ ಮೇಲಿರೋ ಹುಡುಗ. ಅಪ್ಪ ಸತ್ತು ಹದಿನೈದು ವರ್ಷ ಆಯ್ತು ಅಂದ್ರೆ ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದರು. ಆಧಾರ್ ಒಂದು ಹೆಸರು, ಟಿ.ಸಿ. ಒಂದು ಹೆಸರು, ಮದುವೆಯಾದ ಹೆಣ್ಣುಮಗಳಿಗೆ ಮೂರನೇ ಹೆಸರು. ಹಳೇ ಶಾಲೆಗೆ ಮಾರ್ಕ್ಸ್ ಕಾರ್ಡಿಗೆ ಅಲೆದದ್ದೇ ನಾಲ್ಕು ದಿನದ ಕೂಲಿ.

ಇನ್ನೊಂದು ಎಚ್ಚರಿಕೆ. ಕಾಲೇಜಿಗೆ ಹೋಗೋಕಾಗದೋರಿಗೆ ಅಂಚೆ ತೆರಪಿನ ಶಿಕ್ಷಣ ಇದೆ, ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿ 1996ರಿಂದ ಇದೆ. ಅದಕ್ಕೂ 2013-14ರಿಂದ ಯುಜಿಸಿ ಮಾನ್ಯತೆ ತಪ್ಪಿ 2018ರಲ್ಲಿ ಮರಳಿ ಸಿಕ್ಕಿತು. ಮೇಲಿನ ಆಫೀಸುಗಳ ಜಗಳದಲ್ಲಿ ವರ್ಷ ಕಳಕೊಂಡವರು ಯಾರು? ದುಡಿದು ಫೀಸು ಕಟ್ಟಿದವರು. ಯಾವುದೇ ಕೋರ್ಸಿರಲಿ, ಈ ವರ್ಷಕ್ಕೆ ಮಾನ್ಯತೆ ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ. ಎಸ್ಸೆಸ್ಸೆಲ್ಸಿ ಆಗದ ಅಣ್ಣ ಅಕ್ಕ ಮನೇಲಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಕಟ್ಟಿಸಬಹುದು, ಅಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ.

ನಮ್ಮ ಅಕ್ಕಂದಿರ ಪರವಾಗಿ ಒಂದು ಮಾತು, ಚಳವಳಿಯ ಅಣ್ಣಂದಿರು ಬೇಜಾರು ಮಾಡಿಕೊಂಡರೂ ಸರಿ. ಸಭೆಯಲ್ಲಿ ಸಾವಿತ್ರಿಬಾಯಿ ಪಟಕ್ಕೆ ಹಾರ ಹಾಕಿ, ಮನೆಗೆ ಬಂದು “ಸಾರು ಮಾಡಿಟ್ಟು ಕಾಲೇಜಿಗೆ ಹೋಗು” ಅನ್ನೋರು ನಮ್ಮೊಳಗೇ ಇದ್ದಾರೆ. ಈ ಅಕ್ಕ ಒಂದು ಸೆಮಿಸ್ಟರು ಪೂರ್ತಿ ಒಲೆ ಮುಂದೆ ಓದಿ ಪಾಸಾದರು. ಅವರ ಪುಸ್ತಕದಲ್ಲಿ ಎಣ್ಣೆ ಕಲೆ ಇಲ್ಲದ ಪುಟ ಇಲ್ಲ.

ಈಗ ನಿಮ್ಮ ವಿಚಾರ. ನಮ್ಮನ್ನ ಅಂಕಲ್ ಅಂತ ಕಿಚಾಯಿಸಿ, ಪರವಾಗಿಲ್ಲ. ಆದರೆ ಅರ್ಜಿ ತುಂಬೋ ದಿನ ಮೊಬೈಲು ಹಿಡ್ಕೊಂಡು ಬನ್ನಿ. ನಮಗೆ ಒಂದು ದಿನ ಹಿಡಿಯೋದು ನಿಮಗೆ ಅರ್ಧ ಗಂಟೆ ಕೆಲಸ. ನೋಟ್ಸು ಕೊಡಿ. ಸಂಜೆ ತರಗತಿ ಮುಚ್ಚೋ ಮಾತು ಕೇಳಿಬಂದರೆ ಧರಣಿಗೆ ಹಗಲು ಕಾಲೇಜಿನ ನೀವೂ ಬನ್ನಿ. ಆ ಹೊತ್ತಿನಲ್ಲಿ ನಾವು ಕೆಲಸದಲ್ಲಿರ್ತೇವೆ.

ಹೋದ ತಿಂಗಳು ಈ ಹಾಸ್ಟೆಲಿನಿಂದ ಇಬ್ಬರು ಟ್ರಂಕು ಹೊತ್ತುಕೊಂಡು ಊರಿಗೆ ಹೋದರಂತೆ. ಒಬ್ಬನ ಅಪ್ಪ ತೀರಿಕೊಂಡರು, ಇನ್ನೊಬ್ಬನಿಗೆ ಫೀಸಿಲ್ಲ. ಇನ್ನು ಅವರು ಬರೋದಿಲ್ಲ ಅಂತ ನೀವು ಹೇಳಿದಾಗ ನಮ್ಮ ಎದೆ ಧಸಕ್ಕೆಂದಿತು. ನಾವೂ ಹಾಗೇ ಹೋದವರು. ಹಿಂದೆ ಬರೋಕೆ ಇಪ್ಪತ್ತು ವರ್ಷ ಹಿಡೀತು. ಅವರ ಹೆಸರು ಇನ್ನೂ ಹಾಜರಿ ಪುಸ್ತಕದಲ್ಲಿದೆ. ಪರೀಕ್ಷೆ ಫೀಸಿಗೆ ಕೊನೇ ದಿನ ಶುಕ್ರವಾರ. ನಾವು ಐದು ಜನ ಒಬ್ಬನದು ಕಟ್ಟುತ್ತೇವೆ, ಇನ್ನೊಬ್ಬನದು ನೀವು ಸೇರಿ ಕಟ್ಟಿ. ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರ ಊರಿಗೂ ಹೋಗೋಣ. ಅವರ ಅಮ್ಮಂದಿರ ಹತ್ತಿರ ನಾವು ಮಾತಾಡ್ತೇವೆ. ಬರೋರು ಸಭೆ ಮುಗಿದ ಮೇಲೆ ಹೆಸರು ಬರೆಸಿ.