ಟ್ಯಾಬ್ ಕೊಡುವ ಮೊದಲು ಕೇಳಬೇಕಿದ್ದ ಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ, ಕುಂಭಾಶಿ)



ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಓದಿದ್ದಾರೆ. ಅದರಲ್ಲಿ ‘ವಿಶೇಷಚೇತನ ವಿದ್ಯಾರ್ಥಿಗಳಿಗೆ ಟ್ಯಾಬ್’ ಎಂಬ ಒಂದು ಸಾಲು ಇದೆ. ನಾವು ಆ ಸಾಲಿನ ಬಗ್ಗೆ ಮಾತ್ರ ಮಾತನಾಡುತ್ತೇವೆ, ಯಾಕೆಂದರೆ ಅಲ್ಲಿ ತಪ್ಪು ನಮ್ಮದು.

ಕಳೆದ ವರ್ಷ ಟ್ಯಾಬ್ ಕೊಟ್ಟೆವು, ಫೋಟೊ ತೆಗೆಸಿದೆವು. ಆರು ತಿಂಗಳ ಮೇಲೆ ಮನೆಗಳಿಗೆ ಹೋಗಿ ನೋಡಿದರೆ, ಕಣ್ಣು ಮಂದವಿರುವ ಒಬ್ಬ ಹುಡುಗಿಯ ಟ್ಯಾಬಿನಲ್ಲಿ ಅವಳ ತಮ್ಮ ಕಾರ್ಟೂನ್ ನೋಡುತ್ತಿದ್ದ. ನಾವು ದುಡ್ಡು ಕೊಟ್ಟು ಹಾಕಿಸಿದ್ದ ನೋಟ್ಸ್ ಆ್ಯಪ್‌ನ ಬಟನ್‌ಗಳಿಗೆ ಹೆಸರೇ ಇರಲಿಲ್ಲ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿದರೆ ಎಲ್ಲದಕ್ಕೂ ಬರೀ ‘ಬಟನ್’ ಎನ್ನುತ್ತಿತ್ತು. “ತರುವ ಮುಂಚೆ ನನ್ನ ಹತ್ರ ಒಂದು ಮಾತು ಕೇಳಬಹುದಿತ್ತಲ್ಲ ಚಾಚಾ” ಎಂದಳು. ನಮ್ಮಲ್ಲಿ ಉತ್ತರ ಇರಲಿಲ್ಲ.

ಈಗ ಅವಳು ಬಳಸುವುದು ತನ್ನ ಫೋನಿನಲ್ಲೇ ಇದ್ದ ಸಾದಾ ರೆಕಾರ್ಡರ್. ಖರ್ಚಿಲ್ಲ, ನೆಟ್‌ವರ್ಕ್ ಬೇಡ. ಮಳೆಗಾಲದಲ್ಲಿ ನಮ್ಮ ಊರಿಗೆ ಇದು ಸಣ್ಣ ವಿಷಯವಲ್ಲ. ಫೋನ್ ತುಂಬಿಹೋಗುತ್ತದೆ ಎಂಬ ಭಯ ಪೋಷಕರಿಗಿದೆ. 64 ಕೆಬಿಪಿಎಸ್‌ನ ಎಂಪಿ3 ಇಟ್ಟರೆ ಒಂದು ಗಂಟೆಯ ಪಾಠಕ್ಕೆ 30 ಎಂಬಿಯೂ ಬೇಡ. ಅದನ್ನೇ ವೇವ್ ಫೈಲ್ ಆಗಿ, ಸ್ಟೀರಿಯೊದಲ್ಲಿ ಉಳಿಸಿದರೆ 600 ಎಂಬಿ ದಾಟುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ಬದಲಿಸಿದರೆ ಸಾಕು.

ಆದರೆ ರೆಕಾರ್ಡ್ ಮಾಡುವುದು ಸುಲಭ, ಕೇಳುವುದು ಕಷ್ಟ. ದಿನಕ್ಕೆ ಐದು ಗಂಟೆಯ ಪಾಠ ರೆಕಾರ್ಡ್ ಮಾಡಿದವನು ರಾತ್ರಿ ಮತ್ತೆ ಐದು ಗಂಟೆ ಕೇಳುವುದು ಯಾವಾಗ? ಕೈಯ ಬಲ ಕಡಿಮೆ ಇರುವ ನಮ್ಮ ಪದವಿ ವಿದ್ಯಾರ್ಥಿಯೊಬ್ಬ ಇದಕ್ಕೆ ದಾರಿ ಕಂಡುಕೊಂಡ. ಲ್ಯಾಪ್‌ಟಾಪಿನ ಒನ್‌ನೋಟ್‌ನಲ್ಲಿ ರೆಕಾರ್ಡಿಂಗ್ ಓಡುತ್ತಿರುವಾಗಲೇ ವಿಷಯಕ್ಕೊಂದರಂತೆ ಒಂದೇ ಪದ ಟೈಪ್ ಮಾಡುತ್ತಾನೆ. ಆಮೇಲೆ ಆ ಪದದ ಬಳಿಯಿಂದ ಆಡಿಸಿದರೆ ಮೇಷ್ಟ್ರು ಆ ಹೊತ್ತಿನಲ್ಲಿ ಹೇಳಿದ್ದೇ ಕೇಳುತ್ತದೆ. ಗಂಟೆಗೆ ಹತ್ತು ಪದ, ಅಷ್ಟೇ ಅವನ ನೋಟ್ಸ್. ಒನ್‌ನೋಟ್ ಉಚಿತ. ಅಂಧ ವಿದ್ಯಾರ್ಥಿಗಳಿಗೆ ವಿಂಡೋಸ್‌ನಲ್ಲಿ ಪರದೆ ಓದುವ ಎನ್‌ವಿಡಿಎ ಕೂಡ ಉಚಿತ, ಕನ್ನಡವನ್ನೂ ಓದುತ್ತದೆ. ಅದನ್ನು 2006ರಲ್ಲಿ ಶುರುಮಾಡಿದ್ದು ಆಸ್ಟ್ರೇಲಿಯಾದ ಅಂಧ ಯುವಕರು. ಬೇಕಾದವರೇ ಮಾಡಿದ್ದರಿಂದಲೋ ಏನೋ, ಅದರಲ್ಲಿ ಬೇಕಾದ್ದೆಲ್ಲ ಇದೆ.

ಕಿವಿ ಕೇಳದ ಮಕ್ಕಳಿಗೆ ರೆಕಾರ್ಡರ್‌ನಿಂದ ಏನೂ ಆಗದು. ಅವರಿಗೆ ಮಾತನ್ನು ಅಕ್ಷರ ಮಾಡುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ನೋಡಿದೆವು. ಪುಸ್ತಕದ ಕನ್ನಡವಾದರೆ ಸುಮಾರಾಗಿ ಬರುತ್ತದೆ. ನಮ್ಮ ಕುಂದಾಪ್ರ ಕನ್ನಡದಲ್ಲಿ “ಹ್ವಾಯ್, ಇಲ್ ಕಾಣಿ” ಎಂದರೆ ಅದು ಬರೆದದ್ದನ್ನು ಇಲ್ಲಿ ಓದುವಂತಿಲ್ಲ! ಆದ್ದರಿಂದ ಪರೀಕ್ಷೆಗೆ ಅದೊಂದನ್ನೇ ನಂಬಬೇಡಿ. ಪಕ್ಕದಲ್ಲಿ ಕೂರುವ ಗೆಳೆಯರ ನೋಟ್ಸ್ ಜೊತೆಗಿರಲಿ. ಜಾಹೀರಾತು ನೋಡಿ ಆಟರ್‌ನಂಥ ಆ್ಯಪ್‌ಗೆ ಚಂದಾ ಕಟ್ಟುವವರಿಗೆ ಒಂದು ಮಾತು: ಅದಕ್ಕೆ ಕನ್ನಡ ಬಾರದು.

ಇನ್ನು ಅನುಮತಿ. ಒಂದು ಕಾಲೇಜಿನಲ್ಲಿ ಉಪನ್ಯಾಸಕರು ರೆಕಾರ್ಡಿಂಗ್ ಬೇಡವೆಂದರು. ನಾವು ಜಗಳಕ್ಕೆ ಹೋಗಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಅದನ್ನು ಉಲ್ಲೇಖಿಸಿ ಪತ್ರ ಕೊಟ್ಟೆವು. ಅವರ ಅಳುಕು ಬೇರೆಯೇ ಇತ್ತು: ತಮ್ಮ ಧ್ವನಿ ವಾಟ್ಸಾಪ್‌ನಲ್ಲಿ ಓಡಾಡಬಾರದು. ಅದು ನ್ಯಾಯವೇ. ಯಾರಿಗೂ ಕಳುಹಿಸುವುದಿಲ್ಲ, ಪರೀಕ್ಷೆಯ ನಂತರ ಅಳಿಸುತ್ತೇನೆ ಎಂದು ವಿದ್ಯಾರ್ಥಿ ಬರೆದುಕೊಟ್ಟ ಮೇಲೆ ಒಪ್ಪಿದರು. ಆ ಪತ್ರದ ಮಾದರಿ ಕಚೇರಿಯಲ್ಲಿ ಸಿಗುತ್ತದೆ.

ಈ ವರ್ಷ ಟ್ಯಾಬ್ ಹಂಚುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿ ಎರಡು ಪ್ರಶ್ನೆ ಸೇರಿಸಿದ್ದೇವೆ: ತರಗತಿಯಲ್ಲಿ ನಿಮಗೆ ತಪ್ಪಿಹೋಗುವುದು ಏನು? ಈಗ ನಿಮ್ಮ ಕೈಯಲ್ಲಿ ಯಾವ ಫೋನ್ ಇದೆ? ಇದನ್ನು ವಿದ್ಯಾರ್ಥಿಯೇ ಉತ್ತರಿಸಬೇಕು. ಬರೆಯಲಾಗದಿದ್ದರೆ ಧ್ವನಿಮುದ್ರಿಸಿ ತರಬಹುದು. ಯುಡಿಐಡಿ ಕಾರ್ಡಿನ ಪ್ರತಿ ಇಡಿ. ಕಾರ್ಡ್ ಇನ್ನೂ ಆಗಿಲ್ಲದವರು ಅರ್ಜಿ ನಿಲ್ಲಿಸಬೇಡಿ, ಕಾರ್ಡ್ ಮಾಡಿಸಲು ನಾವು ಜೊತೆಗೆ ಬರುತ್ತೇವೆ. ಭಾನುವಾರ ಅಸರ್ ನಮಾಝಿನ ನಂತರ ಕಚೇರಿ ತೆರೆದಿರುತ್ತದೆ. ಫೋನನ್ನು ಚಾರ್ಜ್ ಮಾಡಿಕೊಂಡು ತನ್ನಿ.