ಅಪ್ಪನಿಗೆ ಕಾಣದ್ದು ಅಪರಿಚಿತನಿಗೆ ಕಂಡಿತು

ಇವತ್ತು ರಾಜಕೀಯವನ್ನ ಸ್ವಲ್ಪ ಪಕ್ಕಕ್ಕಿಡೋಣ. ಯಾರು ಸಂಪುಟಕ್ಕೆ ಬಂದ್ರು, ಯಾರು ಮುನಿಸಿಕೊಂಡ್ರು ಅನ್ನೋದು ನಾಳೆಯೂ ಇರುತ್ತೆ. ಇವತ್ತು ನಿಮ್ಮ ಕೈಯಲ್ಲೇ ಇರುವ ಮೊಬೈಲ್ ಬಗ್ಗೆ, ಅದರೊಳಗೆ ನೀವು ಪ್ರೀತಿಯಿಂದ ಜೋಡಿಸಿಟ್ಟಿರುವ ವಿಡಿಯೋಗಳ ಬಗ್ಗೆ ಮಾತಾಡಬೇಕು.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ತಾಯಿ ನಮಗೆ ಬರೆದಿದ್ದಾರೆ. ಹೆಸರು ಹೇಳಲ್ಲ. ವಿಷಯವೇ ಗೋಪ್ಯತೆ, ಹೆಸರು ಹೇಳಿಬಿಟ್ರೆ ನಾನು ಮಾತಾಡೋದಕ್ಕೇ ಅರ್ಥ ಇರಲ್ಲ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ, ಮನೆ ಸೇರುವಾಗ ರಾತ್ರಿ. ಯಜಮಾನರು ಗಲ್ಫ್‌ನಲ್ಲಿದ್ದಾರೆ. ಮಗಳು ಅಜ್ಜಿ ಹತ್ರ ಇರ್ತಾಳೆ, ಭರತನಾಟ್ಯ ಕಲೀತಾಳೆ. ಅಪ್ಪ ನೋಡಲಿ ಅಂತ ಅವಳ ಅಭ್ಯಾಸದ ವಿಡಿಯೋಗಳನ್ನ ಈ ತಾಯಿ ಯೂಟ್ಯೂಬ್‌ಗೆ ಹಾಕಿದ್ರು. ಎಲ್ಲ ಸೇರಿಸಿ ಒಂದು ಪ್ಲೇಲಿಸ್ಟ್ ಮಾಡಿ, ಮಗಳ ಹೆಸರನ್ನೇ ಇಟ್ಟು, ಪ್ರೈವೇಟ್ ಅನ್ನೋದನ್ನೂ ಒತ್ತಿದ್ರು. ಆಮೇಲೆ ಎರಡು ಸಂಗತಿ ನಡೀತು. ಅಪ್ಪ ಲಿಂಕ್ ಒತ್ತಿದ್ರೆ ಏನೂ ಕಾಣಲ್ಲ. ಆದ್ರೆ ಯಾರೋ ಗೊತ್ತುಗುರಿ ಇಲ್ಲದ ಮನುಷ್ಯ ಫೇಸ್‌ಬುಕ್‌ನಲ್ಲಿ ತಾಯಿಗೆ ಸಂದೇಶ ಕಳಿಸ್ತಾನೆ: ನಿಮ್ಮ ಮಗಳು ಚೆನ್ನಾಗಿ ಕುಣೀತಾಳೆ ಅಂತ, ಮಗಳ ಹೆಸರು ಹಿಡಿದು. "ಅಪ್ಪನಿಗೆ ಕಾಣದ್ದು ಅವನಿಗೆ ಹೇಗೆ ಕಾಣ್ತು ಸಾರ್?" ಇದು ಅವರ ಪ್ರಶ್ನೆ.

ಉತ್ತರ ಸುಲಭ ಇದೆ, ಆದರೆ ಯಾರೂ ನಮಗೆ ಬಿಡಿಸಿ ಹೇಳಿರಲ್ಲ. ಪ್ಲೇಲಿಸ್ಟಿನ ಬೀಗ ಬೇರೆ, ವಿಡಿಯೋದ ಬೀಗ ಬೇರೆ. ನಾವೆಲ್ಲ ಪ್ಲೇಲಿಸ್ಟ್ ಅಂದ್ರೆ ಒಡವೆ ಇಡುವ ಪೆಟ್ಟಿಗೆ ಅಂದುಕೊಂಡಿದ್ದೀವಿ. ಅಲ್ಲ ಸ್ವಾಮಿ, ಅದು ಬರೀ ಚೀಟಿ. ಯಾವ ಯಾವ ಮನೆಗೆ ಹೋಗಬೇಕು ಅಂತ ವಿಳಾಸ ಬರೆದಿಟ್ಟ ಚೀಟಿ. ಚೀಟಿಯನ್ನ ನೀವು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡ್ರೂ ಮನೆಗಳ ಬಾಗಿಲು ತೆರೆದೇ ಇದ್ದರೆ ದಾರಿಹೋಕರು ಒಳಗೆ ಬರ್ತಾರೆ. ಆ ತಾಯಿ ಚೀಟಿಗೆ ಬೀಗ ಹಾಕಿದ್ರು, ಅದಕ್ಕೇ ಅಪ್ಪನಿಗೆ ಸಿಗಲಿಲ್ಲ. ಒಂದೊಂದು ವಿಡಿಯೋ ಮಾತ್ರ ಪಬ್ಲಿಕ್ ಆಗಿಯೇ ಉಳಿದಿತ್ತು. ಅದಕ್ಕೇ ಅವನಿಗೆ ಸಿಕ್ತು.

ಬಾಗಿಲು ಮೂರು ಥರ ಇರುತ್ತೆ. ಪಬ್ಲಿಕ್ ಅಂದ್ರೆ ಯಾರು ಬೇಕಾದ್ರೂ ಹುಡುಕಿ ನೋಡಬಹುದು. ಪ್ರೈವೇಟ್ ಅಂದ್ರೆ ನೀವು ಮಾತ್ರ; ವಿಡಿಯೋ ಆದರೆ, ನೀವು ಈಮೇಲ್ ವಿಳಾಸ ಕೊಟ್ಟು ಕರೆದವರೂ ನೋಡಬಹುದು. ಇವೆರಡರ ನಡುವೆ ಒಂದು ಕಿಲಾಡಿ ಕೂತಿದೆ, ಅದರ ಹೆಸರು ಅನ್‌ಲಿಸ್ಟೆಡ್. ಜನ ಮೋಸ ಹೋಗೋದು ಇಲ್ಲೇ. ಅನ್‌ಲಿಸ್ಟೆಡ್ ಮಾಡಿದ್ರೆ ಹುಡುಕಾಟದಲ್ಲಿ ಸಿಗಲ್ಲ, ನಿಜ. ಆದ್ರೆ ಲಿಂಕ್ ಇದ್ದವರೆಲ್ಲ ನೋಡಬಹುದು. ಇದು ಬಾಗಿಲು ಮುಂದೆ ಮಾಡಿ ಚಿಲಕ ಹಾಕದೆ ಬಿಟ್ಟ ಹಾಗೆ. ನೀವು ಅತ್ತಿಗೆಗೆ ಕಳಿಸ್ತೀರಿ, ಅತ್ತಿಗೆ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಗ್ರೂಪಿನಲ್ಲಿ ಯಾರ ಅಳಿಯ ಯಾರಿಗೆ ಕಳಿಸಿದ ಅನ್ನೋದು ದೇವರಿಗೇ ಗೊತ್ತು. ಲಿಂಕ್ ಸಿಕ್ಕವನು ಯಾರಾದರೂ ಅದನ್ನ ತನ್ನ ಪಬ್ಲಿಕ್ ಪ್ಲೇಲಿಸ್ಟಿಗೆ ಸೇರಿಸಿಬಿಟ್ರೆ ಮುಗೀತು, ಆ ಪಟ್ಟಿ ನೋಡಿದ ಊರಿಗೆಲ್ಲ ನಿಮ್ಮ ವಿಡಿಯೋ ಸಿಗುತ್ತೆ. ಇದು ಆ ಕಂಪನಿಯೂ ಒಪ್ಪಿಕೊಂಡಿರುವ ಸಂಗತಿ. 2017ಕ್ಕಿಂತ ಮೊದಲು ಹಾಕಿದ ಅನ್‌ಲಿಸ್ಟೆಡ್ ವಿಡಿಯೋಗಳ ಲಿಂಕ್ ಸಾಕಷ್ಟು ಭದ್ರವಾಗಿಲ್ಲ ಅಂತ ಹೇಳಿ, 2021ರ ಜುಲೈನಲ್ಲಿ ಯೂಟ್ಯೂಬೇ ಅವನ್ನೆಲ್ಲ ಪ್ರೈವೇಟ್ ಮಾಡಿತು. ಬೇಡ ಅಂತ ಹೇಳಿದವರದ್ದು ಮಾತ್ರ ಹಾಗೇ ಉಳೀತು.

ಮಗು ಕುಣಿದ ವಿಡಿಯೋದಲ್ಲಿ ಅಂಥದ್ದೇನಿದೆ ಅಂತ ಕೇಳುವವರಿದ್ದಾರೆ. ಅವರಿಗೆ ಬ್ರೆಜಿಲ್ ಕಥೆ ಹೇಳ್ತೀನಿ. ರಿಯೊ ಡಿ ಜನೈರೊ ಹೊರವಲಯದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಗೆಳತಿ ಜೊತೆ ಹಿತ್ತಲ ಕೊಳದಲ್ಲಿ ಆಡಿದ ವಿಡಿಯೋ ಹಾಕಿದ್ಲು. ತಾಯಿಗೂ ಅದು ಆಟ ಅಷ್ಟೇ. ಕೆಲವೇ ದಿನದಲ್ಲಿ ಸಾವಿರಾರು ಜನ ನೋಡಿದ್ರು, ಆಮೇಲೆ ಆ ಲೆಕ್ಕ ನಾಲ್ಕು ಲಕ್ಷಕ್ಕೆ ಹೋಯ್ತು. ಯಾಕೆ ಅಂತ ಹುಡುಕಿದ್ರೆ, ಕೆಟ್ಟ ಉದ್ದೇಶದಿಂದ ಬೇರೇನೋ ನೋಡುತ್ತಿದ್ದವರಿಗೆ ಯೂಟ್ಯೂಬಿನ ಯಂತ್ರವೇ ಇಂಥ ಮನೆಯ ವಿಡಿಯೋಗಳನ್ನ ಒಂದರ ಹಿಂದೆ ಒಂದು ತೋರಿಸ್ತಾ ಇತ್ತು. 2019ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನ ಬರೆಯಿತು. ಅದೇ ವರ್ಷದ ಆರಂಭದಲ್ಲಿ ಮಕ್ಕಳಿರುವ ಬಹಳಷ್ಟು ವಿಡಿಯೋಗಳಿಗೆ ಕಾಮೆಂಟನ್ನೇ ಯೂಟ್ಯೂಬ್ ನಿಲ್ಲಿಸಬೇಕಾಗಿ ಬಂದಿತ್ತು. ಮಗುವಿನ ಆಟದಲ್ಲಿ ತಪ್ಪು ಇರಲಿಲ್ಲ, ತಾಯಿಯಲ್ಲೂ ಇರಲಿಲ್ಲ. ಯಾರು ನೋಡ್ತಿದ್ದಾರೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಈ ಮಾತು ಕೆಜಿಎಫ್‌ನವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಗಣಿ ಕಾರ್ಮಿಕರ ಲೈನ್ ಮನೆಗಳನ್ನ ನೋಡಿದವರಿಗೆ ಗೊತ್ತು. ಒಂದಕ್ಕೊಂದು ಅಂಟಿಕೊಂಡ ಮನೆ. ಈ ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಆ ಮನೆಯಲ್ಲಿ ಸೀನು. ಯಾರ ಮನೇಲಿ ಜಗಳ, ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ, ಎಲ್ಲ ಎಲ್ಲರಿಗೂ ಗೊತ್ತು. ಗುಟ್ಟು ಅಂತ ದೊಡ್ಡದಾಗಿ ಏನೂ ಇರಲಿಲ್ಲ. ಆದರೆ ನನ್ನ ವಿಷಯ ಯಾರಿಗೆ ಗೊತ್ತು ಅನ್ನೋದು ನನಗೂ ಗೊತ್ತಿರ್ತಿತ್ತು. ಎದುರು ಮನೆಯವನು ಕಿಟಕಿಯಿಂದ ಇಣುಕಿದ್ರೆ ಅವನ ಮುಖ ಕಾಣ್ತಿತ್ತು, ಬೈಯಬಹುದಿತ್ತು. ಮೊಬೈಲ್ ನಿಮಗೆ ನೋಡಿದವರ ಲೆಕ್ಕ ಕೊಡುತ್ತೆ, ಮುಖ ಕೊಡಲ್ಲ.

ಈ ಊರಿನ ಜನಕ್ಕೆ ಇದರ ಬೆಲೆ ಬಹಳ ಹಿಂದೆಯೇ ಗೊತ್ತಿತ್ತು. 1930ರಲ್ಲಿ ಗಣಿ ಕಂಪನಿಗಳು ಹೊಸ ನೋಂದಣಿ ತಂದು ಬೆರಳಚ್ಚು ಕೊಡಿ ಅಂದಾಗ ಸಾವಿರಾರು ಕಾರ್ಮಿಕರು ಮುಷ್ಕರಕ್ಕೆ ಇಳಿದಿದ್ರು. ಓದು ಬರಹ ಬಾರದ ಜನ, ಬ್ರಿಟಿಷ್ ಕಂಪನಿ ಎದುರು! ಅದಾಗಿ ಎಂಟು ದಶಕದ ಮೇಲೆ ಅದೇ ಬೆರಳಚ್ಚಿನ ವಿಷಯ ಆಧಾರ್ ರೂಪದಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಒಯ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಅಷ್ಟು ದೊಡ್ಡ ಹಕ್ಕು ನಮ್ಮ ಕೈಗೆ ಬಂದು, ನಾವು ಅದನ್ನ ಓದದೇ 'ಓಕೆ' ಒತ್ತಿ ಬಿಟ್ಟುಕೊಡ್ತಾ ಇದ್ದೀವಲ್ಲ ಅನ್ನೋದು ನನ್ನ ಸಂಕಟ.

ಹಾಗಂತ ವಿಡಿಯೋನೇ ಹಾಕಬೇಡಿ ಅನ್ನುವ ಉಪದೇಶ ನಾನು ಮಾಡಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಆ ಊರಿನ ಸಂಸಾರಗಳು ದಿಕ್ಕಾಪಾಲಾದವು. ಒಬ್ಬ ಮಗ ಬೆಂಗಳೂರಲ್ಲಿ, ಒಬ್ಬ ಚೆನ್ನೈನಲ್ಲಿ, ಇನ್ನೊಬ್ಬ ಸಮುದ್ರದಾಚೆ. ಮಗಳು ಕುಣಿದದ್ದನ್ನ ಅಪ್ಪ ನೋಡೋಕೆ ಇರುವ ದಾರಿ ಇದೊಂದೇ ಆಗಿದ್ರೆ, ಆ ದಾರಿ ಮುಚ್ಚಿ ಅನ್ನೋಕೆ ನಾನ್ಯಾರು? ದಾರಿ ಅಪ್ಪನಿಗೆ ಮಾತ್ರ ತೆರೆದಿರಲಿ, ಅಷ್ಟೇ.

ಆ ತಾಯಿಗೆ ನಾವು ಹೇಳಿದ್ದು ಇದು. ಯೂಟ್ಯೂಬ್ ಸ್ಟುಡಿಯೋ ಅನ್ನುವ ಆ್ಯಪ್ ತೆರೆಯಿರಿ. ನೀವು ಹಾಕಿದ ವಿಡಿಯೋಗಳೆಲ್ಲ ಸಾಲಾಗಿ ಕಾಣುತ್ತವೆ. ಒಂದೊಂದನ್ನೂ ತೆರೆದು, ಪೆನ್ಸಿಲ್ ಗುರುತು ಒತ್ತಿ, ವಿಸಿಬಿಲಿಟಿ ಅನ್ನುವ ಜಾಗದಲ್ಲಿ ಪ್ರೈವೇಟ್ ಮಾಡಿ. ಹೌದು, ಒಂದೊಂದನ್ನೂ. ಬೇಸರ ಆಗುತ್ತೆ, ಮಾಡಿ. ಕಂಪ್ಯೂಟರ್ ಸಿಕ್ಕಿದ್ರೆ ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಸಲಕ್ಕೆ ಬದಲಾಯಿಸಬಹುದು. ಅಲ್ಲೇ ಕಂಪ್ಯೂಟರಿನಿಂದ ಅಪ್ಪನ ಜಿಮೇಲ್ ವಿಳಾಸ ಸೇರಿಸಿ. ಅವರು ತಮ್ಮ ಖಾತೆಯಿಂದ ಲಾಗಿನ್ ಆದರೆ ವಿಡಿಯೋ ಕಾಣುತ್ತೆ, ಲಿಂಕನ್ನ ಬೇರೆ ಯಾರಿಗಾದರೂ ಕಳಿಸಿದ್ರೂ ಅವರಿಗೆ ತೆರೆಯಲ್ಲ. ಆಮೇಲೆ ಹೆಸರುಗಳು. ವಿಡಿಯೋದ ಮೇಲೆ, ಪ್ಲೇಲಿಸ್ಟಿನ ಮೇಲೆ ಮಗುವಿನ ಪೂರ್ತಿ ಹೆಸರು, ಶಾಲೆ, ಡ್ಯಾನ್ಸ್ ಕ್ಲಾಸಿನ ಜಾಗ ಬರೆಯೋದು ಬೇಡ. 'ಪಾಪು 4' ಅಂತ ಬರೆದ್ರೆ ಅಪ್ಪನಿಗೆ ಅರ್ಥ ಆಗುತ್ತೆ.

ಇನ್ನೊಂದು ಮಾತು, ಇದು ಬಹಳ ಮನೆಗಳಿಗೆ ಅನ್ವಯಿಸುತ್ತೆ. 13ರಿಂದ 17 ವರ್ಷದ ಮಕ್ಕಳು ತಮ್ಮದೇ ಖಾತೆಯಿಂದ ವಿಡಿಯೋ ಹಾಕಿದ್ರೆ ಅದು ತಾನಾಗಿಯೇ ಪ್ರೈವೇಟ್ ಆಗಿ ಇರುವಂಥ ಏರ್ಪಾಡನ್ನ ಯೂಟ್ಯೂಬ್ 2021ರಲ್ಲಿ ತಂದಿದೆ. ಆದ್ರೆ ನಮ್ಮಲ್ಲಿ ಮಗು ಆಡೋದು ಅಮ್ಮನ ಫೋನಲ್ಲಿ, ಅಮ್ಮನ ಖಾತೆಯಲ್ಲಿ. ಯಂತ್ರಕ್ಕೆ ಕಾಣೋದು ಮೂವತ್ತೈದು ವರ್ಷದ ಹೆಂಗಸು. ಆ ರಕ್ಷಣೆ ಅಲ್ಲಿ ಕೆಲಸ ಮಾಡಲ್ಲ. ಅಜ್ಜಿ ಕೈಗೆ ಫೋನ್ ಕೊಟ್ಟು ಕೆಲಸಕ್ಕೆ ಹೋಗುವವರು ಇದನ್ನ ಗಮನಿಸಬೇಕು.

ಕೆಲವರಿಗೆ ತೊಂದರೆ ಬರೋದು ಹೊರಗಿನಿಂದ. 2018ರಲ್ಲಿ ಕೆಜಿಎಫ್ ಸಿನಿಮಾ ಬಂದ ಮೇಲೆ ಕ್ಯಾಮೆರಾ ಹಿಡಿದು ಆ ಊರಿಗೆ ಹೋಗುವವರು ಹೆಚ್ಚಾದ್ರು. ಸೈನೈಡ್ ದಿಬ್ಬದ ಮೇಲೆ ನಿಂತು ರೀಲ್ಸ್ ಮಾಡ್ಲಿ, ನಮ್ಮ ತಕರಾರಿಲ್ಲ. ಆದ್ರೆ ಜನ ಬದುಕಿರುವ ಮನೆ ಬಾಗಿಲಲ್ಲಿ ನಿಂತು, ಪಾತ್ರೆ ತೊಳೀತಿರುವ ಹೆಂಗಸನ್ನ ಕೇಳದೇ ಚಿತ್ರ ತೆಗೆದು, ಮೇಲೆ 'ದೆವ್ವದ ಊರು' ಅಂತ ಹೆಸರಿಡೋದು ಯಾವ ನ್ಯಾಯ? ದೆವ್ವ ಅಲ್ಲಪ್ಪ, ಅವರು ಮತದಾರರು, ಅವರ ಮನೆಗೆ ಕರೆಂಟ್ ಬಿಲ್ ಬರುತ್ತೆ. ನಿಮ್ಮ ಮುಖ ಗುರುತು ಸಿಗುವ ಹಾಗೆ ಯಾರಾದರೂ ವಿಡಿಯೋ ಹಾಕಿದ್ರೆ, ಗೋಪ್ಯತೆಗೆ ಧಕ್ಕೆ ಆಗಿದೆ ಅಂತ ಯೂಟ್ಯೂಬ್‌ಗೇ ದೂರು ಕೊಡಬಹುದು. ಆ ಪ್ರೈವಸಿ ದೂರಿಗೆ ಅಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ.

ಆ ದಿಬ್ಬಗಳ ಮಾತು ಬಂತು, ಹೇಳಿಬಿಡ್ತೀನಿ. ಚಿನ್ನ ತೆಗೆದ ಮೇಲೆ ಕೆಲಸಕ್ಕೆ ಬಾರದ ಪುಡಿ ಅಂತ ಸುರಿದ ರಾಶಿ ಅದು. 2024ರಲ್ಲಿ ಅಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ನಮ್ಮ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನೀವು ಐದು ವರ್ಷದ ಹಿಂದೆ ಹಾಕಿ ಮರೆತ ವಿಡಿಯೋ ನಿಮಗೆ ಕಸ ಇರಬಹುದು. ಅದರಲ್ಲಿ ಮಗಳ ಸಮವಸ್ತ್ರ ಇದೆ, ಮನೆ ನಂಬರ್ ಇದೆ, ಅಪ್ಪ ಊರಲ್ಲಿಲ್ಲ ಅನ್ನೋ ಸುದ್ದಿಯೂ ಇದೆ. ಬೇಕಾದವನಿಗೆ ಅದು ಚಿನ್ನ. ಹಳೆಯದನ್ನೂ ಒಮ್ಮೆ ತೆಗೆದು ನೋಡಿ.

ಈಗಾಗಲೇ ಯಾರೋ ಇಳಿಸಿಕೊಂಡಿದ್ದರೆ, ನೀವು ಪ್ರೈವೇಟ್ ಮಾಡಿದ್ರೂ ಅವನ ಫೋನಿನಿಂದ ಅದು ಅಳಿಸಿಹೋಗಲ್ಲ. ಆ ತಾಯಿಗೆ ಸಂದೇಶ ಕಳಿಸಿದ ಮನುಷ್ಯನ ಬಗ್ಗೆ ಅದಕ್ಕೇ ಹೇಳಿದ್ದೀವಿ: ಉತ್ತರ ಕೊಡಬೇಡಿ, ಸಂದೇಶವನ್ನ ಅಳಿಸಲೂ ಬೇಡಿ, ಅದರ ಚಿತ್ರ ತೆಗೆದಿಟ್ಟುಕೊಂಡು ಪೊಲೀಸರ ಹತ್ರ ಹೋಗಿ. ಮಕ್ಕಳ ಸಹಾಯವಾಣಿ 1098. ಸೈಬರ್ ಅಪರಾಧದ ಸಹಾಯವಾಣಿ ಸಂಖ್ಯೆ 1930. ಕೆಜಿಎಫ್‌ನವರಿಗೆ ಈ ಸಂಖ್ಯೆ ನೆನಪಿಟ್ಟುಕೊಳ್ಳೋದು ಸುಲಭ, ಅವರ ತಾತಂದಿರು ಬೆರಳಚ್ಚು ಕೊಡಲ್ಲ ಅಂತ ಕೆಲಸ ನಿಲ್ಲಿಸಿದ ಇಸವಿ ಅದು.