ಬಾಡಿಗೆ ಮನೆ ಕಟ್ಟುವ ಮುನ್ನ
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ಸಂಘಕ್ಕೆ 25 ವರ್ಷ ತುಂಬಿದ ಈ ದಿನ ಬೆಳೆ, ಗೊಬ್ಬರದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ಬೇರೆ ವಿಷಯ ಎತ್ತಿಕೊಂಡಿದ್ದೇವೆ. ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ನಮ್ಮವರ ಮೊದಲ ಯೋಚನೆ, ತುಮಕೂರಲ್ಲೋ ಬೆಂಗಳೂರಲ್ಲೋ ಒಂದು ಸೈಟು, ಅದರ ಮೇಲೆ ಎರಡು ಬಾಡಿಗೆ ಮನೆ. "ತಿಂಗಳಾದರೆ ಬಾಡಿಗೆ ಬರುತ್ತೆ, ಮುಪ್ಪಿಗೆ ಆಯ್ತು" ಅಂತಾರೆ. ಆಸೆ ತಪ್ಪಲ್ಲ. ಲೆಕ್ಕ ಮಾತ್ರ ಹಾಕೋದಿಲ್ಲ.

ಒಂದು ಅಂದಾಜು ಹಾಕಿ ನೋಡೋಣ. ಸೈಟಿಗೆ 25 ಲಕ್ಷ, ಕಟ್ಟಲು 35 ಲಕ್ಷ, ಒಟ್ಟು 60 ಲಕ್ಷ. ಎರಡು ಮನೆಗೆ ತಲಾ 10,000 ಬಾಡಿಗೆ ಎಂದರೆ ವರ್ಷಕ್ಕೆ 2,40,000. ಒಂದು ತಿಂಗಳು ಖಾಲಿ ಬಿತ್ತು, 20,000 ಹೋಯಿತು. ಕಂದಾಯ, ಸುಣ್ಣ ಬಣ್ಣ, ಸುಟ್ಟ ಮೋಟಾರು ಅಂತ 30,000. ಉಳಿಯೋದು 1,90,000, ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಅರ್ಧ ದುಡ್ಡು ಶೇಕಡಾ 9ರ ಸಾಲವಾದರೆ ಮೊದಲ ವರ್ಷದ ಬಡ್ಡಿಯೇ ಹತ್ತಿರ ಹತ್ತಿರ 2,70,000. ಅಸಲಿನ ಮಾತು ಬಿಡಿ, ಬಡ್ಡಿಗೇ 80,000 ಕಡಿಮೆ ಬೀಳುತ್ತೆ. ಅದನ್ನು ತೋಟವೇ ತುಂಬಬೇಕು.

"ಸೈಟಿನ ಬೆಲೆ ಏರುತ್ತಲ್ಲ" ಎನ್ನುತ್ತೀರಿ. ಏರಬಹುದು. ಅದು ಮಾರಿದ ದಿನ ಕೈಗೆ ಬರೋ ಹಣ, ಕಂತು ತಿಂಗಳು ತಿಂಗಳು ಕಟ್ಟೋದು. 2020ರ ಕೊರೋನಾದಲ್ಲಿ ಬೆಂಗಳೂರಿನ ರೂಮು, ಪಿ.ಜಿ.ಗಳು ಖಾಲಿಯಾದವು. ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು.

ಇನ್ನು ಅಡ್ವಾನ್ಸು. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಹಿಡಿಯುವ ರೂಢಿ ಬಂದಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತೆ. ಎಷ್ಟೇ ಇರಲಿ, ಆ ಹಣ ನಮ್ಮದಲ್ಲ. ಭೋಗ್ಯದ ಹಣ ಅಂತೂ ಪೂರಾ ಸಾಲವೇ. ಅದನ್ನು ಮಗಳ ಮದುವೆಗೆ ಖರ್ಚು ಮಾಡಿದವರು ಬಾಡಿಗೆದಾರ ಹೊರಟ ದಿನ ಇನ್ನೊಬ್ಬ ಭೋಗ್ಯದವನನ್ನು ಹುಡುಕಿಕೊಂಡು ಅಲೆಯುತ್ತಾರೆ. ಬ್ಯಾಂಕಿನಲ್ಲೋ ಸಂಘದಲ್ಲೋ ಠೇವಣಿ ಇಡಿ. (ಸಂಘದ ಪರ ಮಾತಾಡ್ತಾರೆ ಎಂದು ನಗಬೇಡಿ.)

ಕರಾರು ಪತ್ರ ಬಿಡಬೇಡಿ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆ ಪ್ರಕಾರ ನೋಂದಣಿ ಆಗಲೇಬೇಕು. ಹನ್ನೊಂದು ತಿಂಗಳ ಕರಾರು ಹುಟ್ಟಿದ್ದೇ ಹೀಗೆ. ಸೈಟು ಕೊಳ್ಳುವಾಗ ಭೂಪರಿವರ್ತನೆ ಆಗಿದೆಯೇ, ಪಂಚಾಯಿತಿ ಜಾಗವಾದರೆ ಇ-ಸ್ವತ್ತು ಇದೆಯೇ ಎಂದು ಮೊದಲು ನೋಡಿ. ದಲ್ಲಾಳಿ ಬಾಯಿಮಾತು ಸಾಲದು.

ಸಂಘಕ್ಕೆ ನೇರವಾಗಿ ತಟ್ಟುವ ಮಾತು ಒಂದಿದೆ. ರಾಜ್ಯ ಸರ್ಕಾರ 2023ರಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಈ ದುಡ್ಡನ್ನು ಗೋಡೆಗೆ ಹಾಕಿದರೆ ಗೋಡೆ ಗಡುವಿನೊಳಗೆ ವಾಪಸು ಕೊಡೋದಿಲ್ಲ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತೆ, ಮುಂದಿನ ಹಂಗಾಮಿಗೆ ಗೊಬ್ಬರ ತರಲು ಸಾಲ ಸಿಗೋದಿಲ್ಲ. ಜಮೀನು ಅಡ ಇಟ್ಟು ಪೇಟೆಯಲ್ಲಿ ಕಟ್ಟುವುದಂತೂ ನಮಗೆ ಸುತರಾಂ ಒಪ್ಪಿಗೆಯಿಲ್ಲ.

ಕಟ್ಟಲೇಬೇಕು ಎನ್ನುವವರು ಹೋಬಳಿ ರಸ್ತೆಯಲ್ಲಿ ಸ್ವಂತ ಜಾಗವಿದ್ದರೆ ಎರಡು ಕೋಣೆಯಿಂದ ಶುರು ಮಾಡಿ. ಶಾಲೆ ಮೇಷ್ಟ್ರು, ಆಸ್ಪತ್ರೆ ನರ್ಸು ಬಾಡಿಗೆಗೆ ಬರುತ್ತಾರೆ. 6 ಲಕ್ಷ ಹಾಕಿ 3,000 ಬಂದರೆ, ಖರ್ಚು ಕಳೆಯುವ ಮೊದಲು ನೂರಕ್ಕೆ ಆರು. ನಲ್ಲಿ ಸೋರಿದರೆ ನಾವೇ ಹೋಗಿ ನೋಡಬಹುದು, ಬಸ್ಸು ಹತ್ತಬೇಕಾಗಿಲ್ಲ.

ಸಾಲದ ಅರ್ಜಿ ಹಿಡಿದು ಬರುವವರು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಹೆಂಗಸರಿಗೂ ತೋರಿಸಿ ಬನ್ನಿ.